ಏಳನೆಯ ಮೇಜಿನಲ್ಲಿ ನಿಲ್ಲದ ಕೈ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ತಡೆಯಕ್ಕ. ರೋಗಿಗಳ ವಿವರವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದ ದೊಡ್ಡ ಕಂಪ್ಯೂಟರು ಅವಳ ಸುಪರ್ದಿಯಲ್ಲಿತ್ತು. ದಿನಾ ಮಧ್ಯಾಹ್ನ ಎರಡಕ್ಕೆ ಅದರ ನಕಲು ತೆಗೆಯಬೇಕು, ಆ ಹೊತ್ತಿನಲ್ಲಿ ಯಾರೂ ಅದರಲ್ಲಿ ಬರೆಯಕೂಡದು. ಅದಕ್ಕೆಂದೇ ‘ತಡೆ’ ಎಂಬ ಒಂದು ಆಜ್ಞೆ, ಅವಳೊಬ್ಬಳೇ ಕೊಡಬಹುದಾದದ್ದು. ಕೊಟ್ಟರೆ, ಹೊಸದಾಗಿ ಯಾರು ಏನೇ ಕೇಳಿದರೂ ಅವರ ಪರದೆ ಕಲ್ಲಾಗುತ್ತಿತ್ತು. ಬರೆಯುತ್ತಿದ್ದವರು ಮಾತ್ರ ಹಿಡಿದ ಕೆಲಸ ಮುಗಿಸಬಹುದಿತ್ತು. ಕೊನೆಯವರು ಮುಗಿಸುವವರೆಗೆ ಯಂತ್ರ ಕಾಯುತ್ತಿತ್ತು. ಅಲ್ಲಿಯವರೆಗೆ ಆಜ್ಞೆಯನ್ನು ಹಿಂತೆಗೆಯಲೂ ಬರುತ್ತಿರಲಿಲ್ಲ.

“ಕೀಬೋರ್ಡಿಂದ ಕೈ ಎತ್ತಿ!” ಎಂದು ಮೊದಲೇ ಕಾರಿಡಾರಿನಲ್ಲಿ ಕೂಗುವುದು ಅವಳ ಪದ್ಧತಿ.

“ಎತ್ತಿದ್ವಿ ಕಣಕ್ಕ, ಜೇಬಲ್ಲಿ ಏನೂ ಇಲ್ಲ, ನೋಡ್ಕೋ,” ಎನ್ನುತ್ತಿದ್ದ ಔಷಧಿ ಕೊಡುವವನು.

ಅವತ್ತೂ ಎಲ್ಲರೂ ಕೈ ಎತ್ತಿದರು, ಅವಳು ಆಜ್ಞೆ ಕೊಟ್ಟಳು. ಆದರೂ ಇನ್ನೂ ಬರೆಯುತ್ತಿರುವವರ ಪಟ್ಟಿಯಲ್ಲಿ ಒಂದು ಸಾಲು ಉಳಿಯಿತು: ಏಳನೆಯ ಮೇಜು, ಕನ್ನಡಕದಮ್ಮ. ತಡೆಯಕ್ಕ ಆ ಸಾಲನ್ನು ಮತ್ತೊಮ್ಮೆ ಓದಿದಳು. ತನಗೆ ಕೆಲಸ ಕಲಿಸಿದ ಆ ಮುದುಕಿ ತೀರಿಕೊಂಡು ಮೂರು ತಿಂಗಳಾಗಿತ್ತು.

ಅಷ್ಟರಲ್ಲಿ ಫೋನು. ಹೆರಿಗೆ ಕೋಣೆಯ ನರ್ಸು.

“ಅಕ್ಕಾ, ಬಾಣಂತಿಗೆ ರಕ್ತ ನಿಲ್ತಿಲ್ಲ. ಬ್ಲಡ್ ಗ್ರೂಪ್ ಸ್ಕ್ರೀನಲ್ಲಿ ಬರ್ತಾನೇ ಇಲ್ಲ!”

“ಒಂದೇ ನಿಮಿಷ ತಡಿಯಮ್ಮ.”

“ನಿಮ್ಮ ಹತ್ರ ನಿಮಿಷ ಇದೆ, ಇವಳ ಹತ್ರ ಎಲ್ಲಿದೆ?”

ಸಾಲನ್ನು ಕತ್ತರಿಸಿಬಿಡಬಹುದಿತ್ತು. ಆದರೆ ಅರ್ಧ ಬರೆದದ್ದು ಅಳಿಸಿಹೋಗುತ್ತದೆ. ಬರೆಯುವವರ ಮುಖ ನೋಡದೆ ಕತ್ತರಿಸಬೇಡ ಎಂದು ಹೇಳಿಕೊಟ್ಟವಳೂ ಕನ್ನಡಕದಮ್ಮನೇ. ತಡೆಯಕ್ಕ ಬಿದ್ದೆನೋ ಎದ್ದೆನೋ ಎಂದು ಏಳನೆಯ ಮೇಜಿಗೆ ಓಡಿದಳು.

ಕುರ್ಚಿ ಖಾಲಿ. ಕೀಬೋರ್ಡಿಗೆ ಹೊದಿಸಿದ ಬಟ್ಟೆ ಹೊದಿಸಿದ ಹಾಗೇ ಇತ್ತು. ಪರದೆಯ ಮೇಲೆ ಮಾತ್ರ ಹಳೆಯ ರೋಗಿಯೊಬ್ಬರ ವಿಳಾಸ ಒಂದೊಂದೇ ಅಕ್ಷರವಾಗಿ ಮೂಡುತ್ತಿತ್ತು, ಬೆರಳು ನೋಯುವವರು ಬರೆದ ಹಾಗೆ. ನೋಡೋಣವೆಂದರೆ ಮುಖವಿಲ್ಲ, ಕಾಯೋಣವೆಂದರೆ ಹೊತ್ತಿಲ್ಲ. ಮೆಲ್ಲನೆ ಕುರ್ಚಿಯ ಬೆನ್ನಿಗೆ ಕೈಯಿಟ್ಟಳು. ಬೆಚ್ಚಗಿತ್ತು.

“ಅಮ್ಮಾ, ಸಾಕು, ಏಳಿ. ಅಲ್ಲೊಂದು ಕೂಸಿಗೆ ತಾಯಿ ಉಳೀಬೇಕು. ಮಿಕ್ಕಿದ್ದು ನಾನು ಬರೀತೀನಿ.”

ಅಕ್ಷರ ಮೂಡುವುದು ನಿಂತಿತು. ಆಮೇಲೆ, ಮನಸ್ಸಿಲ್ಲದೆ ಎಂಬಂತೆ, ಪರದೆ ತಾನಾಗಿಯೇ ಆರಿತು.

ತಡೆಯಕ್ಕ ಓಡಿಬಂದು, ಪಟ್ಟಿ ಖಾಲಿಯಾದದ್ದು ಕಂಡು, ನಕಲಿನ ಗೋಜಿಗೇ ಹೋಗದೆ ತಡೆ ತೆಗೆದಳು. ಹೆರಿಗೆ ಕೋಣೆಗೆ ವಿವರ ಮುಟ್ಟಿತು, ತಾಯಿ ಬದುಕಿದಳು.

“ಅಲ್ಲಿ ಯಾರಿದ್ರಕ್ಕ?” ಎಂದು ಔಷಧಿಯವನು ಕೇಳಿದ.

“ಕೆಲಸ ಮಾಡೋರು,” ಎಂದಳು.

ಸಂಜೆ ಎಲ್ಲರೂ ಹೊರಟ ಮೇಲೆ ಏಳನೆಯ ಮೇಜಿಗೆ ಹೋಗಿ, ಉಳಿದ ವಿಳಾಸಗಳನ್ನು ಕೊಟ್ಟ ಮಾತಿನಂತೆ ಬರೆದು ಮುಗಿಸಿದಳು. ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟೇ ಕೂತಿದ್ದಳು.