ಜಡ್ಡಾದ ಆಡು ಬಿಸಿಲಿಗೆ ಹೋಗುತ್ತದೆ

ಮೊಮ್ಮಗಳ ಜ್ವರ ಇಂದು ಬೆಳಿಗ್ಗೆ ನೂರೊಂದಕ್ಕೆ ಇಳಿದಿದೆ. ಅಳೆದು ಹೇಳಿದವರು ಬಳ್ಳಾರಿಯ ಡಾಕ್ಟರು. ಈ ಕಾವು ಮೈಗೆ ರೋಗದೊಡನೆ ಹೋರಾಡಲು ನೆರವಾಗುತ್ತದೆ, ಅವಸರದಿಂದ ಇಳಿಸಬೇಡಿ ಎಂದರು.

ಕುರುಗೋಡಿನಲ್ಲಿ ಆಡು ಸಾಕಿದ್ದ ನಮ್ಮಜ್ಜಿ ನೆನಪಾದಳು. ಆಗ ಬಳ್ಳಾರಿಗೆ ರೈಲು ಬಂದ ಹೊಸತು, ನಾನಿನ್ನೂ ಕೂಸು. ಜ್ವರದಲ್ಲಿ ಮಲಗಿದ್ದ ನನ್ನ ಮೇಲೆ ಸುರಿಯಲು ಅಪ್ಪ ತಣ್ಣೀರಿನ ಕೊಡ ಎತ್ತಿದ್ದ.

"ಕೊಡ ಇಳಸಲೇ! ಜಡ್ಡಾದ ಆಡು ನೆಳ್ಳು ಬಿಟ್ಟು ಬಿಸಲಾಗ ಹೋಗಿ ಮಲಗತೈತಿ. ಅದಕಿರೋ ಬುದ್ಧಿ ನಿನಗಿಲ್ಲೇನು?" ಎಂದಳು ಅಜ್ಜಿ.

"ಕೂಸು ಕೈತಪ್ಪಿದ್ರ?"

"ನಾ ಕುಂದರ್ತೀನಿ."

ಗಂಜಿ ಕುಡಿಸುತ್ತ ಎರಡು ದಿನ ಕೂತಳು. ಮೂರನೆಯ ದಿನ ನಾನು ಬೆವೆತು ಎದ್ದು ರೊಟ್ಟಿ ಕೇಳಿದೆ. ಥರ್ಮಾಮೀಟರನ್ನೇ ಕಾಣದ ಅಜ್ಜಿ ಆಡು ನೋಡಿ ಇದನ್ನು ಕಲಿತಿದ್ದಳೆಂಬ ಹೆಮ್ಮೆ ನನಗಿದೆ.

ಡಾಕ್ಟರು ನಾಳೆ ಎಂಟಕ್ಕೆ ಬರುತ್ತಾರೆ. ಅಲ್ಲಿಯವರೆಗೆ ನಾನು ಕೂರುತ್ತೇನೆ.