ಟಾವೆಲ್ ಕಾರ್ಖಾನಿಯ ಸೊಸಿ

ಟಾವೆಲಿನ ಅಂಚಿಗೆ ಹೊಲಿದ ಅಂಗಡಿ ಚೀಟಿಯನ್ನು ಬ್ಲೇಡಿನಿಂದ ಬಿಡಿಸುವುದನ್ನು ಗಂಗುಬಾಯಿ ಚಲೋ ಕಲಿತಿದ್ದಳು. ನೂಲು ಹರಿಯಬಾರದು, ತೂತು ಕಾಣಬಾರದು. ಯಾಕಂದರೆ ಅದು ಅಂಗಡಿಯದಲ್ಲ, ಸೊಸಿ ಶೀತಲ ಕೆಲಸ ಮಾಡುವ ಕಾರ್ಖಾನಿಯದು ಅಂತ ತಮ್ಮೂರು ಭಂಡಾರಕವಠೆಯ ಮಂದಿ ನಂಬಬೇಕಿತ್ತು.

ಶೀತಲ ಯಾವ ಕಾರ್ಖಾನಿಗೂ ಹೋಗುತ್ತಿರಲಿಲ್ಲ. ಸೋಲಾಪುರದ ಒಂದು ದವಾಖಾನಿಯಲ್ಲಿ ಹೆರಿಗಿ ಬ್ಯಾನಿ ತಿನ್ನುವ ಹೆಂಗಸರ ಜೋಡಿ ಕೂತು, ಸೊಂಟ ತಿಕ್ಕಿ, ನೀರು ಕುಡಿಸಿ, ಧೈರ್ಯ ಹೇಳುವುದು ಆಕೆಯ ಕೆಲಸ. ಈಗ ಅಲ್ಲೇ ಹೆರಿಗಿ ಮಾಡಿಸುವುದನ್ನೂ ಕಲಿಯುತ್ತಿದ್ದಳು. "ಕಲಿಯವ್ವಾ, ಕೂಸಿನ್ನ ನಾ ನೋಡ್ಕೋತೀನಿ" ಅಂದವಳು ಗಂಗುಬಾಯಿಯೇ. ಅಕ್ಕಲಕೋಟ ರಸ್ತೆಯ ಬಾಡಿಗಿ ಖೋಲಿಯಲ್ಲಿ ಮೊಮ್ಮಗಳನ್ನು ಆಡಿಸುತ್ತ, ಸೊಸಿಗೆ ದಿನಾ ಡಬ್ಬಿ ಕಟ್ಟಿ ಕೊಡುತ್ತಿದ್ದಳು.

ಆದರೆ ಮನಿಯಲ್ಲಿ ಕುಲದೇವರು ಬೀರೋಬನ ಭಂಡಾರದ ಅರಿಷಿಣ ಇತ್ತು. ಸೊಸಿ ದಿನಾ ಹಡೆದ ಮೈಲಿಗಿ ಮುಟ್ಟಿ ಬರುತ್ತಾಳೆ ಅಂತ ತಿಳಿದರೆ ದೇವರ ಊಟದ ಪಂಗತಿಯಲ್ಲಿ ತಮ್ಮನ್ನು ದೂರ ಕೂಡಿಸಿಯಾರು ಅಂತ ಆಕೆಗೆ ಅಂಜಿಕೆ. ಮಗ ಅಮೋಗಸಿದ್ಧ ಎಂಐಡಿಸಿಯ ಟಾವೆಲ್ ಕಾರ್ಖಾನಿಯಲ್ಲಿ ಮಗ್ಗ ನಡೆಸುತ್ತಿದ್ದ. "ಸೊಸೀನೂ ಅಲ್ಲೇ, ಟಾವೆಲ್ ಮಡಚಾಕ ಹೋಗ್ತಾಳ" ಅಂತ ಊರಲ್ಲಿ ಅಂದುಬಿಟ್ಟಳು. ಅಂದದ್ದೇ ತಡ, ನಾದನಿ ಶಾರದಾಬಾಯಿ, "ವೈನಿ, ಕಂಪನಿ ಮಾಲು ನಮಗೂ ಎರಡು ಬರಲಿ" ಅಂದಳು. ಬ್ಲೇಡು ಕೈಗೆ ಬಂದದ್ದು ಆವಾಗ. ಇದ್ಯಾವುದೂ ಶೀತಲಗೆ ಗೊತ್ತಿರಲಿಲ್ಲ.

ಸಂಜಿಗೆ ಶೀತಲ ಬಂದರೆ ಜಳಕಾ ಆಗುವ ತನಕ ಹೊಸ್ತಿಲ ಹೊರಗೇ. ಹಸಿವಾಗಿದ್ದರೆ ಬೊಗಸಿ ಒಡ್ಡಬೇಕು. ಗಂಗುಬಾಯಿ ಮುಟ್ಟದೆ ಮ್ಯಾಲಿಂದ ರೊಟ್ಟಿ ಬಿಡುತ್ತಿದ್ದಳು. ಅದರಲ್ಲಿ ತಪ್ಪೇನೂ ಆಕೆಗೆ ಕಂಡಿರಲಿಲ್ಲ.

ಒಂದು ದಿನ ಶೀತಲ ಡಬ್ಬಿ ಮರೆತು ಹೋದಳು. ಕೂಸನ್ನು ಬಾಜೂ ಮನಿಯಲ್ಲಿ ಬಿಟ್ಟು ಗಂಗುಬಾಯಿ ದವಾಖಾನಿಗೆ ಹೋದಳು. ಹೆರಿಗಿ ಕೋಣಿಯ ಹೊರಗಿನ ಬೆಂಚಿನ ಮ್ಯಾಲೆ ಶಾರದಾಬಾಯಿ ಕೂತಿದ್ದಳು! ಅಕ್ಕಲಕೋಟಕ್ಕೆ ಕೊಟ್ಟ ಆಕೆಯ ಮಗಳು ಮನೀಷಾಗೆ ನಸುಕಿನಲ್ಲೇ ಬ್ಯಾನಿ ಎದ್ದು, ಇಲ್ಲಿಗೆ ತಂದಿದ್ದರು.

"ಬರ್ರಿ ವೈನಿ. ಇಲ್ಲೂ ಟಾವೆಲ್ ಮಡಚತಾರೇನ್ರಿ?"

ಅಷ್ಟರಲ್ಲಿ ನೀರಿಗಂತ ಶೀತಲ ಹೊರಗೆ ಬಂದಳು.

"ಯಾವ ಟಾವೆಲ್ರಿ?"

"ನಿಮ್ಮ ಕಂಪನೀವು. ನಿಮ್ಮತ್ತಿ ಕೊಟ್ಟಾರಲ್ಲ! ಭಾಳ ಚಲೋ ಅದಾವ, ಬಣ್ಣಾ ಬಿಡಂಗಿಲ್ಲ. ಸುಳ್ಳಿನ ಬಣ್ಣ ಏನೋ ಇವತ್ತ ಬಿಡ್ತು ನೋಡು."

ಶೀತಲ ಅತ್ತಿಯ ಮಾರಿ ನೋಡಿದಳು. ಗಂಗುಬಾಯಿ ಡಬ್ಬಿಯ ಹಿಡಿಕಿ ನೋಡಿದಳು. ಒಳಗಿಂದ ಮನೀಷಾ ಚೀರಿದಳು: "ವೈನೀ, ನನ್ನ ಬಿಟ್ಟು ಹೋಗಬ್ಯಾಡ್ರಿ!"

"ಇಲ್ಲೇ ಅದೀನಿ ತಂಗಿ" ಅನ್ನುತ್ತ ಶೀತಲ ಓಡಿದಳು.

ಮಧ್ಯಾಹ್ನಕ್ಕೆ ಗಂಡು ಕೂಸು. ಶಾರದಾಬಾಯಿ ಪೇಡೆ ಹಂಚಿದಳು. ಡಾಕ್ಟರಬಾಯಿಗೆ ಪೊಟ್ಟಣವನ್ನೇ ಮುಂದೆ ಹಿಡಿದಳು. ಕಾವಲಿನವನಿಗೂ ಕೈಯೊಳಗೇ ಇಟ್ಟಳು. ಶೀತಲ ಎದುರು ಬಂದಾಗ ಮಾತ್ರ ಶಾರದಾಬಾಯಿಯ ಕೈ ಮ್ಯಾಲೆ ಹೋಯಿತು. ಯಾರೂ ಹೇಳದೆಯೇ ಶೀತಲ ತುಸು ಬಗ್ಗಿ ಬೊಗಸಿಯನ್ನು ಕೆಳಗೆ ಹಿಡಿದಳು. ಪೇಡೆ ಮ್ಯಾಲಿಂದ ಬಿತ್ತು. ಮುಂಜಾನಿಯಿಂದ ಮನೀಷಾಳ ಸೊಂಟ ಹಿಡಿದದ್ದು ಇದೇ ಕೈ.

ಆ ಬಗ್ಗುವುದು, ಆ ಬೊಗಸಿ ಗಂಗುಬಾಯಿಗೆ ಗುರುತಿದ್ದವು. ಹೊಸ್ತಿಲ ಹೊರಗೆ ನಿಲ್ಲಿಸಿ ಕಲಿಸಿದವಳು ತಾನೇ. ಟಾವೆಲಿನ ಮಾತಿಗೆ ಕೆಂಪಾದ ಮಾರಿಯನ್ನು ಈಗ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನಾದನಿಗೆ ಒಂದು ಮಾತು ಅನ್ನಬೇಕೆನಿಸಿತು. ಯಾವ ಬಾಯಿಂದ ಅನ್ನುವುದು?

ಶಾರದಾಬಾಯಿ ಮೊಮ್ಮಗನನ್ನು ನೋಡಲು ಒಳಗೆ ಹೋದಳು. ಗಂಗುಬಾಯಿ ಡಬ್ಬಿ ಬಿಚ್ಚಿ, ರೊಟ್ಟಿಯ ಮ್ಯಾಲೆ ಶೇಂಗಾ ಚಟ್ನಿ ಹಾಕಿ, ಸೊಸಿಯ ಕೈಯನ್ನು ಎಡಗೈಯಲ್ಲಿ ಹಿಡಿದು, ಅಂಗೈಯೊಳಗೆ ಇಡಲು ಹೋದಳು.

ಶೀತಲ ಗಡಬಡಿಸಿ ಕೈ ಎಳೆದುಕೊಂಡಳು.

"ಮುಟ್ಟಬ್ಯಾಡ್ರಿ ಅತ್ಯಾ, ಇನ್ನಾ ಜಳಕಾ ಆಗಿಲ್ಲ."