ಚತುರ್ದಶಿ ಕಟ್ಟೆಗೆ ಇನ್ನೊಂದು ಬದಿ

ದೊಡ್ಡಮಾದಮ್ಮನಿಗೆ ಹೆಸರು ಕೇಳುವ ಚಾಳಿ. ಚೆಂಡುಹೂ ಕೊಯ್ಯುವಾಗ ಕಾಲಿಗೆ ತೊಡರಿದ ಕಳೆಗೆ ಏನಂತಾರೆ, ಬೇಲಿ ಮೇಲೆ ಕೂತ ಹಕ್ಕಿಗೆ ಏನಂತಾರೆ ಎಂದು ಕೇಳಿ ಕೇಳಿ ಪಕ್ಕದ ಸಾಲಿನವರ ತಲೆ ತಿನ್ನುತ್ತಿದ್ದಳು. ವಯನಾಡಿನ ಶುಂಠಿ ಹೊಲಗಳಲ್ಲಿ ದುಡಿಯುವಾಗಲೂ ಅದೇ ಕಥೆ. ಇಷ್ಟೆಲ್ಲ ಹೆಸರು ಬಲ್ಲವಳಿಗೆ ಭೀಮನಬೀಡಿನ ಆ ಬೀದಿಯಲ್ಲಿ ಮಾತ್ರ ತನ್ನ ಹೆಸರಿರಲಿಲ್ಲ. ಗಂಡ ಚಿಕ್ಕಮಾದುವಿನ ಜೊತೆ ಬಂದು ಬೀದಿಯ ಕೊನೆಯಲ್ಲಿ ಮನೆ ಕಟ್ಟಿಕೊಂಡು ವರ್ಷಗಳೇ ಕಳೆದರೂ ಜನರ ಬಾಯಲ್ಲಿ ಅವಳು ‘ವಯನಾಡಿಂದ ಬಂದೋಳು’.

ಬೀದಿಯ ನಡುವೆ ಅರಳಿಮರ, ಅದರ ಸುತ್ತ ಕಲ್ಲಿನ ಕಟ್ಟೆ. ಚೌಕವೂ ಅಲ್ಲ, ಗುಂಡಗೂ ಅಲ್ಲ, ಮನೆಗೊಂದು ಬದಿ. ಮನೆ ಹೆಚ್ಚಿದರೆ ಕಟ್ಟೆ ಬಿಚ್ಚಿ ಇನ್ನೊಂದು ಬದಿ ಸೇರಿಸುವುದು ಅಲ್ಲಿನ ಪದ್ಧತಿ. ಆಗ ಹೆಸರೂ ಬದಲು, ತಿಥಿಯ ಲೆಕ್ಕದಲ್ಲಿ. ಐದು ಮನೆಯಿದ್ದಾಗ ಪಂಚಮಿ ಕಟ್ಟೆ, ಎಂಟಾದಾಗ ಅಷ್ಟಮಿ ಕಟ್ಟೆ. ಈಗ ಹದಿನಾಲ್ಕು ಬದಿ, ಚತುರ್ದಶಿ ಕಟ್ಟೆ. ಹದಿನೈದನೆಯ ಮನೆ ದೊಡ್ಡಮಾದಮ್ಮನದು, ಅದಕ್ಕೆ ಮಾತ್ರ ಇನ್ನೂ ಬದಿ ಬಿದ್ದಿರಲಿಲ್ಲ. ಬೀದಿಯವರ ಲಗ್ನಪತ್ರಿಕೆಯ ವಿಳಾಸದಲ್ಲೂ ಅದೇ ಅಚ್ಚಾಗುತ್ತಿತ್ತು.

ಈ ಬೇಸಗೆಯಲ್ಲಿ ಬೇರು ಉಬ್ಬಿ ಕಟ್ಟೆ ಬಾಯಿಬಿಟ್ಟಿತು. ಕಲ್ಲುಕೆಲಸದ ಕುಮಾರಸ್ವಾಮಿ ಬಂದು ಬಿಚ್ಚತೊಡಗಿದ. ದೊಡ್ಡಮಾದಮ್ಮ ಕೈಲಿದ್ದ ಕೆಲಸ ಬಿಟ್ಟು ಎದ್ದಳು. ಈಗ ಕೇಳದಿದ್ದರೆ ಇನ್ನು ಯಾವ ಕಾಲಕ್ಕೆ? ಬೀದಿಯ ಹಿರಿಯ ಗುರುಮಲ್ಲಯ್ಯನ ಜಗಲಿ ಮುಂದೆ ಹೋಗಿ ನಿಂತಳು.

“ದೊಡ್ಡಪ್ಪೋ, ನಮ್ಮನೆಗೂ ಒಂದು ಬದಿ ಆಕ್ಸಿ.”

ಗುರುಮಲ್ಲಯ್ಯ ಕೆಟ್ಟವನಲ್ಲ, ಆದರೆ ಹಿಡಿದದ್ದೇ ಪಟ್ಟು. “ನಾನೇನು ಬ್ಯಾಡ ಅಂತೀನಾ ಕಣವ್ವ? ಚತುರ್ದಶಿ ಆದ್ಮೇಲೆ ಅಮಾಸೆನೂ ಬತ್ತದೆ, ಉಣ್ಮೆನೂ ಬತ್ತದೆ. ಜನದ ಬಾಯಿ ಕೆಟ್ಟದ್ದು, ಅಮಾಸೆ ಕಟ್ಟೆ ಅಂತ್ಲೇ ಅಂತಾರೆ. ಮದ್ವೆ ಕಾಗ್ದುದ್ ಮೇಲೆ ಅದನ್ನ ಆಕ್ಸದಾ?”

ಅವಳು ಸಪ್ಪೆ ಮೋರೆ ಮಾಡಿಕೊಂಡು ಆ ಮನೆಯ ಹಿತ್ತಲಿಗೆ ಹೋದಳು. ಅಲ್ಲಿ ಗುರುಮಲ್ಲಯ್ಯನ ಸೊಸೆ, ಗುಂಡ್ಲುಪೇಟೆಯಲ್ಲಿ ಗಣಿತ ಪಾಠ ಮಾಡುವ ಭವ್ಯ, ಬಟ್ಟೆ ಒಣಹಾಕುತ್ತಿದ್ದಳು.

“ಮೇಡಮ್ಮೋರೇ, ನಮ್ ಕಟ್ಟೆ ತರ ಬದಿಬದಿ ಇರೋವ್ಕೆ ಇಸ್ಕೂಲಲ್ಲಿ ಏನಂತೀರಿ?”

“ಪಂಚಭುಜ, ಷಡ್ಭುಜ, ಅಷ್ಟಭುಜ ಅಂತೀವಿ ಅಕ್ಕ. ಹದಿನೈದಕ್ಕೆ ಪಂಚದಶಭುಜ. ಬದಿ ತೀರಾ ಜಾಸ್ತಿ ಆದ್ರೆ ಹೆಸರಿಡೋ ಗೋಜಿಗೇ ಹೋಗಲ್ಲ, ಇಷ್ಟು ಬದಿಯ ಆಕೃತಿ ಅಂದ್ಬಿಡ್ತೀವಿ.”

“ನೂರಾದ್ರೆ?”

“ನೋಡೋಕೆ ಗುಂಡಗೇ ಕಾಣ್ತದೆ.”

“ಅಯ್ಯೋ! ಮೂಲೆಗಳು ಎಲ್ಲೋಯ್ತವೆ?”

“ಎಲ್ಲೂ ಹೋಗಲ್ಲ. ಬದಿ ಹೆಚ್ಚಿದಷ್ಟೂ ಮೊಂಡಾಗ್ತವೆ, ಅಷ್ಟೇ.”

ದೊಡ್ಡಮಾದಮ್ಮ ದಡದಡನೆ ಮನೆಗೆ ಹೋಗಿ, ಗಂಡನ ಕೈಲಿ ಬಟ್ಟೆ ಒಗೆಯುವ ಕಲ್ಲನ್ನು ಕೀಳಿಸಿ, ಕಟ್ಟೆಯ ಹತ್ತಿರ ಹೊರಿಸಿ ತಂದಳು.

“ಕುಮಾರಣ್ಣ, ಇದನ್ನೂ ಸೇರ್ಸಿ ನೆಲದ ಮೇಲೆ ಸುಮ್ನೆ ಜೋಡ್ಸು, ನೋಡನ. ಬ್ಯಾಡ ಅಂದ್ರೆ ನನ್ ಕಲ್ಲು ನಾನ್ ಎತ್ಕೊಂಡ್ ಓಯ್ತೀನಿ.”

ಕುಮಾರಸ್ವಾಮಿಗೂ ಕುತೂಹಲ. ಅವಳ ಕಲ್ಲಿನ ಅಂಚು ಹೊಡೆದು ಅಳತೆಗೆ ತಂದು, ಮರದ ಸುತ್ತ ಹದಿನೈದನ್ನೂ ಜೋಡಿಸಿದ. ನಿಜ ಹೇಳಬೇಕೆಂದರೆ ಹದಿನಾಲ್ಕಕ್ಕೂ ಹದಿನೈದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟಕ್ಕಷ್ಟೇ. ಆದರೆ ಎಷ್ಟೋ ವರ್ಷದಿಂದ ಕಟ್ಟೆಯ ಮೇಲೆ ಕೂತಿದ್ದವರೇ ಹೊರತು ಅದನ್ನು ದೂರ ನಿಂತು ನೋಡಿದವರು ಯಾರಿದ್ದರು?

ದೊಡ್ಡಮಾದಮ್ಮ ಗುರುಮಲ್ಲಯ್ಯನನ್ನು ಜಗಲಿಯ ತುದಿಗೆ ಕರೆದಳು. ಎಲ್ಲರನ್ನೂ ಕೇಳುವ ಹಾಗೆಯೇ ಅವನನ್ನೂ ಕೇಳಿದಳು.

“ದೊಡ್ಡಪ್ಪೋ, ಇದಕ್ಕೇನಂತಾರೆ?”

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ಬಿಳಿಗಲ್ಲಿನ ಸುತ್ತು ಮರವನ್ನು ಬಳಸಿ ದುಂಡಗೆ ಬಿದ್ದಿತ್ತು. ಅವಳ ಕಲ್ಲು ಯಾವುದೆಂದು ಹುಡುಕಿದ, ಸಿಗಲಿಲ್ಲ. ಅವನ ಮುಖ ಸಡಿಲವಾಯಿತು.

“ಉಣ್ಮೆ ಕಣವ್ವ,” ಎಂದ. “ಇದನ್ನ ನೋಡ್ಬುಟ್ಟು ಅಮಾಸೆ ಅನ್ನೋನ್ಗೆ ಕಣ್ಣಿಲ್ಲ.”

ಕಟ್ಟೆ ಎದ್ದಿತು. ಒಂದು ಬೆಳಗ್ಗೆ ದೊಡ್ಡಮಾದಮ್ಮ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಿದ್ದಾಗ, ಜಗಲಿಯಲ್ಲಿ ಗುರುಮಲ್ಲಯ್ಯ ಗೊಬ್ಬರದ ಟೆಂಪೋದವನಿಗೆ ಫೋನಿನಲ್ಲಿ ಕೂಗಿ ದಾರಿ ಹೇಳುತ್ತಿದ್ದ. “ಉಣ್ಮೆ ಕಟ್ಟೆ ತಾವ್ಕೆ ಬಾ ಕಣ್ಲಾ. ದೊಡ್ಡಮಾದಮ್ಮನ್ ಮನೆ ತಾವ್ ತಿರುಗ್ಸ್ಕೋ.”

ಕೊಡ ತುಂಬಿ ಹರಿಯುತ್ತಿದ್ದರೂ ಅವಳಿಗೆ ನಲ್ಲಿ ನಿಲ್ಲಿಸುವುದು ನೆನಪಾಗಲಿಲ್ಲ. ಅಂದು ಹೊಲದಲ್ಲಿ ಅವಳು ಯಾವುದರ ಹೆಸರನ್ನೂ ಕೇಳಲಿಲ್ಲ.